ಗಂಡ ಹೆಂಡತಿ ಇಬ್ಬರೇ ಫಾರಿನ್ ಹೊರಟರೆ ಯಾವ ಊರು? ಸಿಂಗಾಪುರ, ಬ್ಯಾಂಕಾಕ್, ದುಬೈ, ಕೌಲಾಲಂಪುರ, ಲಂಡನ್

ನಮ್ಮ ಶಿರಸಿ ಕಡೆ ಈಗ ಈ ಪ್ರಶ್ನೆ ಕೇಳುವವರು ಜಾಸ್ತಿ. ಅಡಿಕೆಗೆ ಒಳ್ಳೆ ರೇಟು ಸಿಕ್ಕ ವರ್ಷ ಕೇಳುವವರಿದ್ದಾರೆ, ರಿಟೈರ್ ಆದ ಮೇಷ್ಟ್ರುಗಳಿದ್ದಾರೆ, ಮಗಳು ಬೆಂಗಳೂರಿಂದ ಫೋನ್ ಮಾಡಿ "ಟಿಕೆಟ್ ನಾನು ತೆಗೀತೇನೆ, ನೀವಿಬ್ಬರೂ ಹೋಗಿ ಬನ್ನಿ" ಅಂದಿದ್ದಕ್ಕೆ ಗಾಬರಿಯಾದವರಿದ್ದಾರೆ, ಹೊಸದಾಗಿ ಮದುವೆಯಾದವರಂತೂ ಇದ್ದೇ ಇದ್ದಾರೆ. ಎಲ್ಲರ ಪಟ್ಟಿಯಲ್ಲೂ ಹೆಚ್ಚುಕಮ್ಮಿ ಅದೇ ಐದು ಊರು. ನಾನು, ನನ್ನ ಹೆಂಡತಿ ಈ ಐದನ್ನೂ ಬೇರೆ ಬೇರೆ ವರ್ಷ ನೋಡಿದ್ದೇವೆ. ಹಾಗಾಗಿ ಒಬ್ಬೊಬ್ಬರಿಗೆ ಫೋನಲ್ಲಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಯಾವ ಊರಲ್ಲಿ ಎಷ್ಟು ನೋಡುವ ಜಾಗ ಇದೆ ಅಂತ ಎಣಿಸುತ್ತಾ ಕೂತರೆ ತೀರ್ಮಾನ ಆಗುವುದೇ ಇಲ್ಲ, ಯಾಕಂದರೆ ಐದರಲ್ಲೂ ನೋಡಿ ಮುಗಿಯದಷ್ಟಿದೆ. ಯೋಚಿಸಬೇಕಾದ್ದು ನಿಮ್ಮಿಬ್ಬರ ಬಗ್ಗೆ.

ಏನನ್ನು ನೋಡಿ ಆರಿಸಬೇಕು

ಒಂದು, ನಿಮಗೆ ಯಾವಾಗ ಬಿಡುವು. ತೋಟ ಇದ್ದವರಿಗೆ ಅಡಿಕೆ ಗೊನೆ ಕೊಯ್ಲು ಶುರುವಾದರೆ ನವೆಂಬರ್‌ನಿಂದ ಜನವರಿವರೆಗೆ ಮನೆ ಬಿಟ್ಟು ಅಲ್ಲಾಡಲಿಕ್ಕಾಗುವುದಿಲ್ಲ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುವ ಚಿಂತೆ. ಉಳಿಯುವುದು ಫೆಬ್ರವರಿ ಕೊನೆಯಿಂದ ಮೇ ತನಕ, ಅದರಲ್ಲೂ ಮಾರಿ ಜಾತ್ರೆಯ ವರ್ಷ ಆದರೆ ಫೆಬ್ರವರಿ–ಮಾರ್ಚ್ ಹೋದ ಹಾಗೇ. ಮೇಷ್ಟ್ರುಗಳಿಗೆ ಏಪ್ರಿಲ್–ಮೇ ಮತ್ತು ದಸರಾ ರಜೆ. ಈ ಒಂದು ಲೆಕ್ಕದಲ್ಲೇ ಒಂದೆರಡು ಊರು ಪಟ್ಟಿಯಿಂದ ಬಿದ್ದುಹೋಗುತ್ತವೆ.

ಎರಡು, ವೀಸಾ ಕಾಗದಪತ್ರ. ಮೂರು, ಹೊಟ್ಟೆ. ಕಾರವಾರ, ಅಂಕೋಲೆ ಕಡೆ ಮೀನು ತಿನ್ನುವವರಿಗೆ ಇದು ಪ್ರಶ್ನೆಯೇ ಅಲ್ಲ, ಘಟ್ಟದ ಮೇಲಿನ ಸಸ್ಯಾಹಾರಿಗಳಿಗೆ ಇದೇ ದೊಡ್ಡ ಪ್ರಶ್ನೆ. ನಾಲ್ಕು, ಕಾಲು. ಫಾರಿನ್ ಊರು ನೋಡುವುದು ಅಂದರೆ ಮುಕ್ಕಾಲು ಪಾಲು ನಡೆಯುವುದು. ಇಬ್ಬರಲ್ಲಿ ಯಾರ ಮಂಡಿ ಕೆಟ್ಟಿದೆಯೋ ಅವರನ್ನು ನೋಡಿ ಊರು ಆರಿಸಿ.

ಐದನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ, ಆದರೆ ಯಾವ ಟೂರ್ ಕಂಪನಿಯವರೂ ಹೇಳುವುದಿಲ್ಲ. ಆ ಊರಲ್ಲಿ ನೀವಿಬ್ಬರೂ ಅರ್ಧ ದಿನ ಬೇರೆ ಬೇರೆ ತಿರುಗಿ ಸಂಜೆ ಮತ್ತೆ ಸೇರಲಿಕ್ಕಾಗುತ್ತಾ? ನಗಬೇಡಿ. ಮನೆಯಲ್ಲಿ ಒಬ್ಬರು ತೋಟದಲ್ಲಿ, ಒಬ್ಬರು ಶಾಲೆಯಲ್ಲಿ ಇದ್ದು ಅಭ್ಯಾಸ ಆದ ಇಬ್ಬರನ್ನು ಒಂದು ವಾರ ಇಪ್ಪತ್ನಾಲ್ಕು ಗಂಟೆ ಅಂಟಿಸಿ ಇಟ್ಟರೆ ಮೂರನೇ ದಿನಕ್ಕೆ ಜಗಳ ಗ್ಯಾರಂಟಿ. ನನಗೆ ಮ್ಯೂಸಿಯಂನಲ್ಲಿ ಒಂದು ಕಲ್ಲಿನ ಮುಂದೆ ಅರ್ಧ ಗಂಟೆ ನಿಲ್ಲಬೇಕು. ಅವಳಿಗೆ ಮಾರ್ಕೆಟ್ಟು, ಗಿಡ, ಬಟ್ಟೆ, ಜನ ಬೇಕು. ಇಬ್ಬರೂ ಒಬ್ಬರಿಗೋಸ್ಕರ ಇನ್ನೊಬ್ಬರು ಕಾಯುತ್ತಾ ಹೋದರೆ ಯಾರೂ ಏನೂ ನೋಡಿದ ಹಾಗಾಗುವುದಿಲ್ಲ. ಮೆಟ್ರೋ ಸಲೀಸಾಗಿದ್ದು, ಹೆಂಗಸು ಒಬ್ಬಳೇ ತಿರುಗಲಿಕ್ಕೆ ಭಯ ಇಲ್ಲದೆ, ದಾರಿ ತಪ್ಪಿದರೆ ಕೇಳಲಿಕ್ಕೆ ಭಾಷೆ ಸಿಗುವ ಊರಾದರೆ ಇದು ಸಾಧ್ಯ.

ವಿಮಾನ ಹತ್ತುವ ಊರಿನ ಬಗ್ಗೆಯೂ ಒಂದು ಮಾತು. ಹುಬ್ಬಳ್ಳಿ ನಮಗೆ ಹತ್ತಿರ, ಶಿರಸಿಯಿಂದ ಸುಮಾರು ನೂರು ಕಿಲೋಮೀಟರ್, ಆದರೆ ಅಲ್ಲಿಂದ ನೇರ ವಿದೇಶಕ್ಕೆ ವಿಮಾನ ಇಲ್ಲ. ಕಾರವಾರದವರಿಗೆ ಗೋವಾ ಹತ್ತಿರ, ಭಟ್ಕಳದವರಿಗೆ ಮಂಗಳೂರು. ಉಳಿದವರು ರಾತ್ರಿ ಬಸ್ಸೋ ಪಂಚಗಂಗಾ ರೈಲೋ ಹಿಡಿದು ಬೆಂಗಳೂರಿಗೆ ಹೋಗಿ ಹತ್ತುವುದೇ ಲೇಸು. ಈ ಐದೂ ಊರಿಗೆ ಅಲ್ಲಿಂದ ನೇರ ವಿಮಾನ ಇದೆ. ರಾತ್ರಿ ಬಸ್ಸಿಳಿದು ಬೆಳಗ್ಗೆಯೇ ವಿಮಾನ ಹತ್ತುವ ಸಾಹಸ ಮಾತ್ರ ಬೇಡ. ಘಟ್ಟದಲ್ಲಿ ಒಂದು ಲಾರಿ ಅಡ್ಡ ನಿಂತರೆ ಮುಗೀತು.

ಸಿಂಗಾಪುರ: ದುಬಾರಿ, ಆದರೆ ತಲೆನೋವಿಲ್ಲ

ಮೊದಲ ಸಲ ಹೋಗುವವರಿಗೆ, ಅದರಲ್ಲೂ ಅರವತ್ತು ದಾಟಿದವರಿಗೆ, ನಾನು ಯೋಚಿಸದೆ ಹೇಳುವ ಹೆಸರು ಇದು. ಬೆಂಗಳೂರಿಂದ ನಾಲ್ಕೂವರೆ ಗಂಟೆ. ಗಡಿಯಾರ ಎರಡೂವರೆ ಗಂಟೆ ಮುಂದಿಡಬೇಕು. ಊರು ಸಮಭಾಜಕದ ಹತ್ತಿರ ಇರುವುದರಿಂದ ವರ್ಷವಿಡೀ ಒಂದೇ ಸೆಕೆ, ನಮ್ಮ ಕುಮಟಾದ ಏಪ್ರಿಲ್ ಅಂದುಕೊಳ್ಳಿ. ಯಾವ ತಿಂಗಳಲ್ಲಿ ಹೋದರೂ ನಡೆಯುತ್ತದೆ. ನವೆಂಬರ್‌ನಿಂದ ಜನವರಿವರೆಗೆ ಮಳೆ ಸ್ವಲ್ಪ ಜಾಸ್ತಿ, ಅಷ್ಟೇ. ಮಳೆಗೆ ಹೆದರುವ ಜನ ನಾವಲ್ಲವಲ್ಲ.

ವೀಸಾ ಬೇಕು, ಆದರೆ ಕಷ್ಟ ಇಲ್ಲ. ಅಧಿಕೃತ ಏಜೆಂಟರ ಮೂಲಕ ಅರ್ಜಿ ಹಾಕಿದರೆ ಇ-ವೀಸಾ ಬರುತ್ತದೆ. ಹೊರಡುವ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಅರೈವಲ್ ಕಾರ್ಡ್ ತುಂಬಬೇಕು. ಅದು ಪುಕ್ಕಟೆ. ದುಡ್ಡು ಕೇಳುವ ವೆಬ್‌ಸೈಟ್ ಸಿಕ್ಕರೆ ಅದು ಸರ್ಕಾರದ್ದಲ್ಲ ಅಂತ ತಿಳಿಯಿರಿ.

ಹೊಟ್ಟೆಯ ಚಿಂತೆ ಬೇಡವೇ ಬೇಡ. ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯಲ್ಲಿ ಕೋಮಲ ವಿಲಾಸ್ 1947ರಿಂದ ಸಸ್ಯಾಹಾರಿ ಊಟ ಹಾಕುತ್ತಿದೆ. ತಮಿಳು ಅಲ್ಲಿ ಆಡಳಿತ ಭಾಷೆಗಳಲ್ಲಿ ಒಂದು, ಮೆಟ್ರೋ ನಿಲ್ದಾಣದ ಬೋರ್ಡಲ್ಲೂ ಕಾಣುತ್ತದೆ. ಇಂಗ್ಲಿಷ್ ಎಲ್ಲರಿಗೂ ಬರುತ್ತದೆ.

ಅಲ್ಲಿ ಎಷ್ಟು ಜಾಗ ಪುಕ್ಕಟೆ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಬೊಟಾನಿಕ್ ಗಾರ್ಡನ್ಸ್‌ಗೆ 2015ರಲ್ಲಿ ಯುನೆಸ್ಕೋ ಪಟ್ಟ ಸಿಕ್ಕಿದೆ, ಒಳಗೆ ಹೋಗಲಿಕ್ಕೆ ಟಿಕೆಟ್ಟಿಲ್ಲ. ಒಳಗಿನ ಆರ್ಕಿಡ್ ತೋಟಕ್ಕೆ ಮಾತ್ರ ಇದೆ. ಮನೆ ಎದುರು ಹೂಕುಂಡ ಇಡುವ ನಮ್ಮೂರ ಹೆಂಗಸರನ್ನು ಆ ಆರ್ಕಿಡ್ ತೋಟಕ್ಕೆ ಬೆಳಗ್ಗೆ ಬಿಟ್ಟರೆ ಮಧ್ಯಾಹ್ನದವರೆಗೂ ಹೊರಗೆ ಬರುವುದಿಲ್ಲ. ಗಾರ್ಡನ್ಸ್ ಬೈ ದ ಬೇಯ ಆ ದೊಡ್ಡ ಕಬ್ಬಿಣದ ಮರಗಳ ಕೆಳಗೆ ರಾತ್ರಿ 7.45ಕ್ಕೆ ಮತ್ತು 8.45ಕ್ಕೆ ದೀಪದ ಆಟ ನಡೆಯುತ್ತದೆ. ಅದಕ್ಕೂ ದುಡ್ಡಿಲ್ಲ. ನೆಲದ ಮೇಲೆ ಮಲಗಿ ನೋಡಬೇಕು, ಎಲ್ಲರೂ ಮಲಗಿರುತ್ತಾರೆ, ನಾಚಿಕೆ ಬೇಡ. ಚಾಂಗಿ ಏರ್‌ಪೋರ್ಟ್ ಪಕ್ಕದ ಜ್ಯುವೆಲ್‌ನಲ್ಲಿ 40 ಮೀಟರ್ ಎತ್ತರದಿಂದ ನೀರು ಬೀಳಿಸುತ್ತಾರೆ. ಜೋಗ, ಉಂಚಳ್ಳಿ ನೋಡಿದವರು "ಇಷ್ಟೇನಾ" ಅನ್ನಬಹುದು. ಆದರೆ ಗಾಜಿನ ಕಟ್ಟಡದ ಒಳಗೆ ಮಾಡಿದ್ದಾರೆ ಅನ್ನುವುದೇ ಅಲ್ಲಿಯ ಮಜಾ.

ಐದನೇ ಪರೀಕ್ಷೆಯಲ್ಲಿ ಸಿಂಗಾಪುರಕ್ಕೆ ಫಸ್ಟ್ ಕ್ಲಾಸ್. ಬ್ಯಾಂಕ್ ಕಾರ್ಡನ್ನೇ ಮೆಟ್ರೋ ಗೇಟಿಗೆ ತೋರಿಸಿ ಒಳಗೆ ಹೋಗಬಹುದು. ಆದರೆ ಒಂದು ಕಾರ್ಡಿಗೆ ಒಬ್ಬರೇ. ಗಂಡನ ಜೇಬಲ್ಲಿ ಒಂದೇ ಕಾರ್ಡ್ ಇಟ್ಟುಕೊಂಡು ಹೋಗುವವರು ಗೇಟ್ ಹತ್ತಿರ ಸಿಕ್ಕಿಬೀಳುತ್ತಾರೆ. ಇಬ್ಬರ ಹೆಸರಲ್ಲೂ ಬೇರೆ ಬೇರೆ ಬ್ಯಾಂಕ್ ಕಾರ್ಡ್ (ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕಂಪನಿಯದ್ದು), ವಿದೇಶಿ ಬಳಕೆ ಆನ್ ಮಾಡಿಸಿ, ಒಯ್ಯಿರಿ. ಲಂಡನ್ನಿಗೂ ಇದೇ ಮಾತು.

ಕೊರತೆ ಎಂದರೆ ಹೋಟೆಲ್ ಬಾಡಿಗೆ. ಬ್ಯಾಂಕಾಕ್‌ನಲ್ಲಿ ಒಳ್ಳೆ ದೊಡ್ಡ ರೂಮು ಸಿಗುವ ದುಡ್ಡಿಗೆ ಇಲ್ಲಿ ಸೂಟ್‌ಕೇಸ್ ಬಿಚ್ಚಲಿಕ್ಕೆ ಜಾಗ ಇರದ ಕೋಣೆ ಕೊಡುತ್ತಾರೆ. ಇನ್ನೊಂದು, ಕವಳ (ಎಲೆ ಅಡಿಕೆ) ಹಾಕುವವರಿಗೆ ಈ ಊರು ಶಿಕ್ಷೆ. ಜಗಿಯುವ ತಂಬಾಕು ತರುವುದೇ ಅಪರಾಧ, ಉಗುಳಿದರೆ ದಂಡ, ಮೆಟ್ರೋದಲ್ಲಿ ನೀರು ಕುಡಿದರೂ ದಂಡ. ನಾಲ್ಕು ದಿನ ಕವಳ ಬಿಟ್ಟಿರಲಾರದ ಯಜಮಾನರು ಮೊದಲು ಮನೆಯಲ್ಲೇ ಬಿಟ್ಟು ನೋಡಲಿ.

ಕೌಲಾಲಂಪುರ: ಒಂಟಿಯಾಗಿ ಬೇಡ, ಸಿಂಗಾಪುರದ ಜೊತೆಗಿರಲಿ

ಇದನ್ನು ಬೇಗ ಮುಗಿಸುತ್ತೇನೆ. ಇದು ಇರುವ ಮಲೇಷ್ಯಾಕ್ಕೆ ಭಾರತೀಯರಿಗೆ 2023ರ ಡಿಸೆಂಬರ್‌ನಿಂದ 30 ದಿನದವರೆಗೆ ವೀಸಾ ಬೇಡ, ಆನ್‌ಲೈನ್ ಅರೈವಲ್ ಕಾರ್ಡ್ ಸಾಕು. ಈ ವಿನಾಯಿತಿಗೆ ಅವಧಿ ಇದೆ, ಟಿಕೆಟ್ ತೆಗೆಯುವ ಮೊದಲು ಇನ್ನೂ ಇದೆಯಾ ನೋಡಿಕೊಳ್ಳಿ. ಊಟ ಅಗ್ಗ, ಬ್ರಿಕ್‌ಫೀಲ್ಡ್ಸ್‌ನಲ್ಲಿ ಬಾಳೆಲೆ ಊಟ ಸಿಗುತ್ತದೆ. 452 ಮೀಟರಿನ ಪೆಟ್ರೋನಾಸ್ ಜೋಡಿ ಗೋಪುರ ರಾತ್ರಿ ಕೆಳಗೆ ನಿಂತು ನೋಡಿದರೆ ಸಾಕು, ಮೇಲೆ ಹೋಗುವ ದುಡ್ಡು ಉಳಿಸಿ.

ಬಾಟು ಗುಹೆಗೆ ಮಾತ್ರ ತಪ್ಪದೆ ಹೋಗಿ. ಊರೊಳಗಿಂದ ಲೋಕಲ್ ರೈಲು ಅಲ್ಲಿಗೇ ಹೋಗುತ್ತದೆ. ಹೊರಗಿನ ಮುರುಗನ್ ವಿಗ್ರಹ 140 ಅಡಿ, ನಮ್ಮ ಮುರ್ಡೇಶ್ವರದ ಶಿವ 123 ಅಡಿ. ಮಗ ಅಪ್ಪನನ್ನು ಮೀರಿಸಿದ್ದಾನೆ. ಆದರೆ ಮುರ್ಡೇಶ್ವರದ ಹಾಗೆ ಹಿಂದೆ ಸಮುದ್ರ ಇಲ್ಲ, ಕಡಿದಾದ ಸುಣ್ಣಕಲ್ಲಿನ ಗುಡ್ಡ ಇದೆ. ಗುಹೆಗೆ ಹೋಗಲಿಕ್ಕೆ 272 ಮೆಟ್ಟಿಲು. ಮಂಗ ಬಾಳೆಹಣ್ಣು ಕಸಿಯುವುದು ನಮಗೇನೂ ಹೊಸತಲ್ಲ. ಯಾಣ ಹತ್ತಿದವರಿಗೆ ಇದು ಲೆಕ್ಕಕ್ಕಿಲ್ಲ, ಮಂಡಿ ನೋವಿದ್ದವರು ಕೆಳಗೇ ನಿಂತು ಕೈ ಮುಗಿಯಬಹುದು.

ಎರಡು ದಿನಕ್ಕಿಂತ ಹೆಚ್ಚು ಈ ಊರಿಗೆ ಕೊಡುವ ಅಗತ್ಯ ನನಗೆ ಕಾಣಲಿಲ್ಲ. ಊರು ಕಾರಿಗಾಗಿ ಕಟ್ಟಿದ್ದು. ಮೆಟ್ರೋ ಇದೆ, ಆದರೆ ಇಳಿದ ಮೇಲೆ ದೊಡ್ಡ ರಸ್ತೆ ದಾಟುವುದೇ ಕೆಲಸ. ಸಿಂಗಾಪುರದಿಂದ ಬಸ್ಸಲ್ಲಿ ಅರ್ಧ ದಿನ, ವಿಮಾನದಲ್ಲಿ ಸುಮಾರು ಒಂದು ಗಂಟೆ. ಸಿಂಗಾಪುರಕ್ಕೆ ಹೋಗಿ ಇಲ್ಲಿಂದ ವಾಪಸ್ ಬರುವ ಹಾಗೆ ಟಿಕೆಟ್ ಮಾಡಿದರೆ ದುಬಾರಿ ಊರಲ್ಲಿ ಎರಡು ರಾತ್ರಿಯ ಬಾಡಿಗೆ ಉಳಿಯುತ್ತದೆ.

ಬ್ಯಾಂಕಾಕ್: ಕಡಿಮೆ ದುಡ್ಡಿಗೆ ಹೆಚ್ಚು ನೋಡುವ ಊರು

ಬ್ಯಾಂಕಾಕ್ ಅಂದ ಕೂಡಲೇ ನಮ್ಮೂರ ಕಟ್ಟೆಯ ಮೇಲೆ ಗಂಡಸರು ಒಂಥರಾ ನಗುತ್ತಾರೆ. ನಗಲಿ ಬಿಡಿ. ಹೆಂಡತಿ ಜೊತೆ ಹೋಗಿ ನೋಡಲಿಕ್ಕೆ ಇಷ್ಟು ಒಳ್ಳೆ ಊರು ಈ ದುಡ್ಡಿಗೆ ಇನ್ನೊಂದಿಲ್ಲ.

2023ರ ನವೆಂಬರ್‌ನಲ್ಲಿ ಭಾರತೀಯರನ್ನು ವೀಸಾ ಇಲ್ಲದೆ ಒಳಗೆ ಬಿಡಲಿಕ್ಕೆ ಶುರುಮಾಡಿದರು. ವೀಸಾ ಬೇಕಾ, ಎಷ್ಟು ದಿನ ಅನ್ನುವ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ಮಾಡುವ ದಿನ ಇನ್ನೊಮ್ಮೆ ನೋಡಿ. 2025ರ ಮೇಯಿಂದ ಇಲ್ಲೂ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯ, ಅದೂ ಪುಕ್ಕಟೆ. ಒಂದು ಬಾತ್ ಅಂದರೆ ಎರಡೂವರೆಯಿಂದ ಮೂರು ರೂಪಾಯಿ ಆಸುಪಾಸು.

ನೋಡುವುದು ಇಲ್ಲಿ ನದಿಯ ದಂಡೆಯಲ್ಲಿದೆ. ಸಫಾನ್ ತಕ್ಸಿನ್ ಸ್ಟೇಷನ್ನಲ್ಲಿ ಸ್ಕೈಟ್ರೈನ್ (ಕಂಬಗಳ ಮೇಲೆ ಓಡುವ ರೈಲು) ಇಳಿದರೆ ಪಕ್ಕದಲ್ಲೇ ದೋಣಿ ಕಟ್ಟೆ. ಪ್ರವಾಸಿಗರ ದೋಣಿಯವರು ಮೊದಲು ಕರೆಯುತ್ತಾರೆ. ಅವರನ್ನು ಬಿಟ್ಟು ಕಿತ್ತಳೆ ಬಾವುಟದ ದೋಣಿ ಹತ್ತಿ, ಊರವರು ಓಡಾಡುವುದು ಅದರಲ್ಲೇ. ಗ್ರ್ಯಾಂಡ್ ಪ್ಯಾಲೇಸ್ ಅರಮನೆಗೆ 500 ಬಾತ್ ಟಿಕೆಟ್, ಬೆಳಗ್ಗೆ 8.30ಕ್ಕೆ ಬಾಗಿಲು ತೆಗೆಯುವಾಗಲೇ ಹೋಗಬೇಕು, ಹತ್ತು ಗಂಟೆಗೆ ಬಿಸಿಲೂ ಜನವೂ ಸೇರಿ ಉಸಿರು ಕಟ್ಟುತ್ತದೆ. ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು. ಪಚ್ಚೆ ಬುದ್ಧನ ಗುಡಿ ಎಲ್ಲರೂ ನೋಡುತ್ತಾರೆ. ನೀವು ಅದರ ಸುತ್ತಲಿನ ಪೌಳಿಯ ಗೋಡೆಗೆ ಹೋಗಿ. ಇಡೀ ರಾಮಾಯಣ 178 ಚಿತ್ರಗಳಲ್ಲಿದೆ, ಥಾಯ್ ಜನರ ರಾಮಾಯಣ. ಹನುಮಂತ ಬೆಳ್ಳಗೆ ಇದ್ದಾನೆ, ಸೇತುವೆ ಆಗಿ ಮಲಗಿದ್ದಾನೆ, ಹೆಣ್ಣುಗಳ ಹಿಂದೆ ಹೋಗುತ್ತಾನೆ ಕೂಡ. ಕಿರೀಟ, ಭುಜಕೀರ್ತಿ, ರಾಕ್ಷಸರ ಮುಖದ ಬಣ್ಣ ನೋಡಿದರೆ ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದವರು ಯಾವ ಪಾತ್ರ ಯಾವುದು ಅಂತ ಗೈಡ್ ಇಲ್ಲದೆ ಹೇಳಿಬಿಡುತ್ತಾರೆ.

ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ವಾಟ್ ಫೋ. ಮಲಗಿದ ಬುದ್ಧ 46 ಮೀಟರ್ ಉದ್ದ, 15 ಮೀಟರ್ ಎತ್ತರ. ಕಟ್ಟಡ ಅವನಿಗೆ ಅಂಟಿಕೊಂಡ ಹಾಗಿದೆ, ಪೂರ್ತಿ ಒಂದೇ ನೋಟಕ್ಕೆ ಸಿಗುವುದಿಲ್ಲ. ಕಂಬಗಳ ಸಂದಿಯಲ್ಲಿ ತುಂಡು ತುಂಡಾಗಿ ನೋಡುತ್ತಾ ಪಾದದವರೆಗೆ ಬರಬೇಕು, ಅಂಗಾಲಲ್ಲಿ ಮುತ್ತಿನ ಚಿಪ್ಪಿನಿಂದ ಮಾಡಿದ 108 ಮಂಗಳ ಚಿಹ್ನೆಗಳಿವೆ. ಬೆನ್ನ ಹಿಂದಿನ ಗೋಡೆಗುಂಟ 108 ಕಂಚಿನ ಬಟ್ಟಲು. ಚಿಲ್ಲರೆ ಕೊಂಡು ಒಂದೊಂದಕ್ಕೆ ಒಂದೊಂದು ಕಾಸು ಹಾಕುತ್ತಾ ಹೋಗುವುದು. ಟಿಣ್ ಟಿಣ್ ಶಬ್ದ ಇಡೀ ಕಟ್ಟಡದಲ್ಲಿ ನಿಲ್ಲುವುದೇ ಇಲ್ಲ. ನನ್ನ ಹೆಂಡತಿ ಕೊನೆಯ ಬಟ್ಟಲು ಬಂದಾಗ ಒಂದು ಕಾಸು ಕಡಿಮೆ ಬಿತ್ತು ಅಂತ ಹಿಂದಿದ್ದ ಜಪಾನಿ ಅಜ್ಜಿಯ ಹತ್ತಿರ ಸಾಲ ತಗೊಂಡಳು.

ಈಗ ಕೆಟ್ಟದ್ದು. ಸಸ್ಯಾಹಾರಿಗಳಿಗೆ ಇಲ್ಲಿ ಕಷ್ಟ ಇದೆ. ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ, ಅವರ ಲೆಕ್ಕದಲ್ಲಿ ಅದು ಮಾಂಸ ಅಲ್ಲ. ಹಳದಿ ಬೋರ್ಡಿನ ಮೇಲೆ ಕೆಂಪಲ್ಲಿ ಇಂಗ್ಲಿಷ್ 17ರ ಹಾಗೆ ಕಾಣುವ ಅಕ್ಷರ ಇದ್ದರೆ ಅದು ಪೂರ್ತಿ ಸಸ್ಯಾಹಾರ, ಬೆಳ್ಳುಳ್ಳಿ ಈರುಳ್ಳಿಯೂ ಇಲ್ಲ. ಅದನ್ನು ಮೊಬೈಲಲ್ಲಿ ಫೋಟೋ ಇಟ್ಟುಕೊಳ್ಳಿ. ಫಾಹುರತ್ ಪೇಟೆಯಲ್ಲಿ ಉತ್ತರ ಭಾರತದ ಊಟ ಸಿಗುತ್ತದೆ. ಅನ್ನ ಸಾರು ಬೇಕೇ ಬೇಕು ಅನ್ನುವವರು ಅಪ್ಪೆಮಿಡಿ ಉಪ್ಪಿನಕಾಯಿ, ಚಟ್ನಿಪುಡಿ ಒಯ್ಯಿರಿ. ಬಿಳಿ ಅನ್ನ ಎಲ್ಲ ಕಡೆ ಸಿಗುತ್ತದೆ, ಮೊಸರಿಗೆ ಅಂಗಡಿ ಇದೆ.

ಏಪ್ರಿಲ್ ಅಲ್ಲಿ ಅತಿ ಸೆಕೆಯ ತಿಂಗಳು. 13ರಿಂದ 15ರವರೆಗೆ ಸಾಂಗ್‌ಕ್ರಾನ್ ಹಬ್ಬ, ರಸ್ತೆಯಲ್ಲಿ ಹೋಗುವವರ ಮೇಲೆಲ್ಲಾ ನೀರು ಹೊಡೆಯುತ್ತಾರೆ. ಹೊಸ ಜೋಡಿಗೆ ಖುಷಿ, ವಯಸ್ಸಾದವರಿಗೆ ಅಲ್ಲ. ಫುಟ್‌ಪಾತ್ ನಮ್ಮ ಶಿರಸಿ ಪೇಟೆಗಿಂತ ಭಾರೀ ಚೆನ್ನಾಗೇನಿಲ್ಲ. ಅರಮನೆ ಹತ್ತಿರ ನೀಟಾಗಿ ಬಟ್ಟೆ ಹಾಕಿದವನೊಬ್ಬ "ಇವತ್ತು ಬಂದ್, ಬೇರೆ ಗುಡಿ ತೋರಿಸ್ತೇನೆ, ಟುಕ್‌ಟುಕ್ ಅಗ್ಗ" ಅಂದರೆ ನಿಲ್ಲಬೇಡಿ, ಅದು ಹರಳಿನ ಅಂಗಡಿಗೆ ಕರೆದೊಯ್ಯುವ ಹಳೇ ಆಟ. ಬೇರೆ ಬೇರೆ ತಿರುಗುವ ಪರೀಕ್ಷೆಯಲ್ಲಿ ಈ ಊರಿಗೆ ಅರ್ಧ ಅಂಕ. ಸ್ಕೈಟ್ರೈನ್, ಮೆಟ್ರೋ ಇರುವಲ್ಲಿ ಆಗುತ್ತದೆ. ಅದರಾಚೆ ಭಾಷೆ ಸಿಗುವುದಿಲ್ಲ, ಆಪ್‌ನಲ್ಲಿ ಗಾಡಿ ಕರೆಸುವುದು ಇಬ್ಬರಿಗೂ ಬರಬೇಕು.

ದುಬೈ: ನೆಂಟರಿದ್ದರೆ ಒಂದು ಲೆಕ್ಕ, ಇಲ್ಲದಿದ್ದರೆ ಇನ್ನೊಂದು

ನಮ್ಮ ಕರಾವಳಿಯವರಿಗೆ, ಭಟ್ಕಳದವರಿಗಂತೂ, ದುಬೈ ಫಾರಿನ್ ಅಲ್ಲವೇ ಅಲ್ಲ. ಮಂಗಳೂರಿಂದ ನೇರ ವಿಮಾನ, ನಾಲ್ಕು ಗಂಟೆಯೊಳಗೆ ಅಲ್ಲಿ. ಇಳಿದ ಕಡೆ ಕನ್ನಡ, ಕೊಂಕಣಿ, ತುಳು ಎಲ್ಲ ಕೇಳುತ್ತದೆ. ಅಲ್ಲಿ ಅಣ್ಣನೋ ಭಾವನೋ ಇದ್ದು ಉಳಿಯಲಿಕ್ಕೆ ಮನೆ ಸಿಕ್ಕರೆ ಐದರಲ್ಲಿ ಇದೇ ಅಗ್ಗ. ಹೋಟೆಲ್ ಮಾಡಿ, ಟಿಕೆಟ್ ಕೊಟ್ಟು ಎಲ್ಲ ಹತ್ತಿ ಇಳಿದರೆ ಸಿಂಗಾಪುರದಷ್ಟೇ ಆಗುತ್ತದೆ. ಯಾಕಂದರೆ ಇಲ್ಲಿ ಹೆಸರಾದ ಪ್ರತಿಯೊಂದಕ್ಕೂ ಟಿಕೆಟ್. 828 ಮೀಟರಿನ ಬುರ್ಜ್ ಖಲೀಫಾ ಹತ್ತಲಿಕ್ಕೆ ಸಂಜೆಯ ಹೊತ್ತಿನ ದರ ಬೇರೆ, ಬೆಳಗಿನದು ಬೇರೆ. ಬೆಳಗ್ಗೆ ಹತ್ತಿ, ದುಡ್ಡು ಉಳಿಯುತ್ತದೆ. ಸಂಜೆ ಕೆಳಗಿನ ಕಾರಂಜಿ ಪುಕ್ಕಟೆ ನೋಡಿ.

ನನಗೆ ಹಿಡಿಸಿದ್ದು ಹಳೇ ದುಬೈ. ಕ್ರೀಕ್ ದಾಟುವ ಅಬ್ರಾ ದೋಣಿಗೆ ಒಂದು ದಿರ್ಹಮ್. ಮಧ್ಯದ ಹಲಗೆ ಮೇಲೆ ಕೂಲಿಯವರು, ಸೇಠುಗಳು, ನಾವು ಎಲ್ಲ ಬೆನ್ನಿಗೆ ಬೆನ್ನು ಹಚ್ಚಿ ಕೂರಬೇಕು, ಡೀಸೆಲ್ ವಾಸನೆ, ಕೈ ಚಾಚಿದರೆ ನೀರು. ತದಡಿಯಿಂದ ಅಘನಾಶಿನಿಗೆ ತಾರಿ ದಾಟುವುದಕ್ಕೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ, ಆಚೆ ದಡದಲ್ಲಿ ಚಿನ್ನದ ಪೇಟೆ ಇದೆ ಅನ್ನುವುದೊಂದು ಬಿಟ್ಟು. ಪಕ್ಕದ ಮಸಾಲೆ ಪೇಟೆಯಲ್ಲಿ ಏಲಕ್ಕಿ, ಕಾಳುಮೆಣಸಿನ ರೇಟು ಕೇಳಿ ನಮ್ಮೂರ ರೇಟಿಗೆ ಹೋಲಿಸುವ ಚಟ ತೋಟದವರಿಗೆ ಬಿಡುವುದಿಲ್ಲ. ಅಬುಧಾಬಿಯ ದೊಡ್ಡ ಮಸೀದಿ ಪುಕ್ಕಟೆ, 2024ರ ಫೆಬ್ರವರಿಯಲ್ಲಿ ತೆರೆದ ಕಲ್ಲಿನ ಹಿಂದೂ ಮಂದಿರವೂ ಅದೇ ಊರ ಕಡೆ. ಎರಡನ್ನೂ ಒಂದೇ ದಿನ ನೋಡಬಹುದು, ಆದರೆ ಬಾಡಿಗೆ ಕಾರು ಬೇಕು.

ನವೆಂಬರ್‌ನಿಂದ ಮಾರ್ಚ್ ಬಿಟ್ಟು ಹೋಗಬೇಡಿ. ಜೂನ್‌ನಿಂದ ಸೆಪ್ಟೆಂಬರ್ 40 ಡಿಗ್ರಿ ದಾಟುವುದು ದಿನದ ಮಾತು. ಅಗ್ಗದ ಪ್ಯಾಕೇಜ್ ಬರುವುದೂ ಆಗಲೇ, ಯಾಕೆ ಅಗ್ಗ ಅಂತ ಈಗ ಗೊತ್ತಾಯ್ತಲ್ಲ. ಹಾಗಾಗಿ ಕೊಯ್ಲು ಇರುವ ತೋಟದವರಿಗೆ ಇದರ ಕಿಂಡಿ ಬಹಳ ಚಿಕ್ಕದು, ಫೆಬ್ರವರಿ ಕೊನೆಯಿಂದ ಮಾರ್ಚ್‌ವರೆಗೆ ಮಾತ್ರ.

ಸಾಮಾನು ಕಟ್ಟುವಾಗ ಹುಷಾರಾಗಿರಬೇಕಾದ್ದೂ ಈ ಊರಿಗೇ. ಗಸಗಸೆ ಒಯ್ಯಲೇಬಾರದು, ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕ. ಭಾವನ ಮನೆಗೆ ಅಂತ ಗಸಗಸೆ ಹಾಕಿದ ಉಂಡೆ, ಮಸಾಲೆ ಪುಡಿ ಕಟ್ಟುವ ಅತ್ತೆಯರಿಗೆ ಇದನ್ನು ಎರಡು ಸಲ ಹೇಳಿ. ಸಿಂಗಾಪುರದಲ್ಲೂ ಗಸಗಸೆ ನಿಷಿದ್ಧ. ಕವಳದ ಸಾಮಾನು, ಎಲೆ ಎಲ್ಲ ದುಬೈ ಕಸ್ಟಮ್ಸ್‌ನವರ ನಿಷೇಧದ ಪಟ್ಟಿಯಲ್ಲಿದೆ. ಕೊಡೀನ್, ಟ್ರಮಡಾಲ್ ಇರುವ ನೋವಿನ, ಕೆಮ್ಮಿನ ಔಷಧಕ್ಕೆ ಮೊದಲೇ ಅನುಮತಿ ಬೇಕು, ಡಾಕ್ಟರ್ ಚೀಟಿ ಒಯ್ಯಿರಿ.

ತಿರುಗಾಟಕ್ಕೆ ಡ್ರೈವರ್ ಇಲ್ಲದ ಮೆಟ್ರೋ 2009ರಿಂದ ಇದೆ, ಹೆಂಗಸರಿಗೆ ಬೇರೆ ಡಬ್ಬಿ. ಹೆಂಗಸು ಒಬ್ಬಳೇ ಓಡಾಡಲಿಕ್ಕೆ ಏನೂ ತೊಂದರೆ ಇಲ್ಲ. ಆದರೆ ಮೆಟ್ರೋ ಬಿಟ್ಟು ನಡೆಯುವ ಊರಲ್ಲ, ಎದುರಿಗೆ ಕಾಣುವ ಕಟ್ಟಡಕ್ಕೆ ಹೋಗಲಿಕ್ಕೂ ಟ್ಯಾಕ್ಸಿ ಬೇಕಾಗುತ್ತದೆ.

ಲಂಡನ್: ದುಡ್ಡು ಒಟ್ಟಾಗುವ ತನಕ ಕಾಯಿರಿ, ಆಮೇಲೆ ಇಲ್ಲಿಗೇ ಹೋಗಿ

ಲಂಡನ್‌ನ ಖರ್ಚು ವಿಚಿತ್ರ. ವಿಮಾನ, ವೀಸಾ, ಹೋಟೆಲ್ ಮೂರೂ ಬೆನ್ನು ಮುರಿಯುತ್ತವೆ. ಆದರೆ ಊರೊಳಗೆ ಕಾಲಿಟ್ಟ ಮೇಲೆ ಒಳ್ಳೊಳ್ಳೆ ಮ್ಯೂಸಿಯಂಗಳೆಲ್ಲ ಪುಕ್ಕಟೆ. 1759ರಲ್ಲಿ ಬಾಗಿಲು ತೆಗೆದ ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ವಿಕ್ಟೋರಿಯಾ ಅಂಡ್ ಆಲ್ಬರ್ಟ್, ಯಾವುದಕ್ಕೂ ಪ್ರವೇಶ ಶುಲ್ಕ ಇಲ್ಲ. ಟವರ್ ಆಫ್ ಲಂಡನ್‌ಗೆ ಮಾತ್ರ ಒಬ್ಬರಿಗೆ ಮೂವತ್ತು ಪೌಂಡ್ ದಾಟುತ್ತದೆ, ಪೌಂಡ್ ಅಂದರೆ ನೂರು ರೂಪಾಯಿಗೂ ಮೇಲೆ, ಲೆಕ್ಕ ಹಾಕಿಕೊಳ್ಳಿ. ಕೋಹಿನೂರ್ ಇರುವುದು ಅಲ್ಲೇ. ನೋಡಿ ಸಿಟ್ಟು ಬರುತ್ತದೆ, ಆ ಸಿಟ್ಟಿಗೆ ಆ ಟಿಕೆಟ್ ಅಂತಿಟ್ಟುಕೊಳ್ಳಿ.

ಕನ್ನಡದವರಿಗೆ ಎರಡು ಜಾಗ ಹೇಳಲೇಬೇಕು. ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ನಲ್ಲಿ ಟಿಪ್ಪುವಿನ ಹುಲಿ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹೊತ್ತೊಯ್ದದ್ದು. ಬಿಳಿಯ ಸಿಪಾಯಿಯ ಕುತ್ತಿಗೆಗೆ ಬಾಯಿ ಹಾಕಿದ ಮರದ ಹುಲಿ, ಹೊಟ್ಟೆಯೊಳಗೆ ಶಬ್ದ ಮಾಡುವ ಯಂತ್ರ. ಚಿತ್ರದಲ್ಲಿ ನೋಡಿ ಚಿಕ್ಕದು ಅಂದುಕೊಂಡಿದ್ದೆ, ನಿಜವಾದ ಆಳಿನ ಅಳತೆಗೆ ಹತ್ತಿರ ಇದೆ. ನಾನು ಅಲ್ಲಿ ನಿಂತಷ್ಟು ಹೊತ್ತು ಹೆಂಡತಿ ಮೇಲಿನ ಆಭರಣದ ಗ್ಯಾಲರಿಯಲ್ಲಿದ್ದಳು, ಯಾರೂ ಯಾರಿಗೂ ಕಾಯಲಿಲ್ಲ. ಇನ್ನೊಂದು, ಥೇಮ್ಸ್ ದಂಡೆಯಲ್ಲಿ ಪಾರ್ಲಿಮೆಂಟಿನ ಆಚೆ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರಲ್ಲಿ ಅನಾವರಣವಾದ ಬಸವಣ್ಣನ ಪ್ರತಿಮೆ. ಬಿಗ್ ಬೆನ್ ನೋಡಿ ಸೇತುವೆ ದಾಟಿ ನದಿಗುಂಟ ನಡೆದರೆ ಸಿಗುತ್ತದೆ.

ಬೇರೆ ಬೇರೆ ತಿರುಗುವ ಪರೀಕ್ಷೆಯಲ್ಲಿ ಇದು ಸಿಂಗಾಪುರದ ಸಮ, ನೋಡುವ ವಿಷಯದಲ್ಲಿ ಅದಕ್ಕಿಂತ ಬಹಳ ಮುಂದೆ. ಮೇಯಿಂದ ಸೆಪ್ಟೆಂಬರ್ ಒಳ್ಳೆ ಕಾಲ. ಜೂನ್‌ನಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ, ಅಂದರೆ ಅದೇ ಹೋಟೆಲ್ ಬಾಡಿಗೆಗೆ ದಿನ ಉದ್ದ. ಊಟಕ್ಕೆ ಯೂಸ್ಟನ್ ಹತ್ತಿರದ ಡ್ರಮಂಡ್ ಸ್ಟ್ರೀಟ್‌ನಲ್ಲಿ ನಮ್ಮ ಸಸ್ಯಾಹಾರಿ ಹೋಟೆಲುಗಳಿವೆ. ಸಾಮಾನ್ಯ ಅಂಗಡಿಯಲ್ಲೂ ಸಸ್ಯಾಹಾರ ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತಾರೆ. ಮಂಡಿ ನೋವಿದ್ದವರಿಗೆ ಹಳೇ ಟ್ಯೂಬ್ ರೈಲು ಕಷ್ಟ. 1863ರಿಂದ ಓಡುತ್ತಿರುವ ವ್ಯವಸ್ಥೆ, ಎಷ್ಟೋ ನಿಲ್ದಾಣದಲ್ಲಿ ಲಿಫ್ಟಿಲ್ಲ. ಅಂಥವರು ಎಲಿಜಬೆತ್ ಲೈನ್ ಅನ್ನುವ ಹೊಸ ರೈಲು ಮತ್ತು ಬಸ್ ಹಿಡಿಯಿರಿ. ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಒಂದೇ ಚಾರ್ಜು, ಮಹಡಿ ಬಸ್ಸಿನ ಮೇಲಿನ ಮುಂದಿನ ಸೀಟು ಸಿಕ್ಕರೆ ಬೇರೆ ಸಿಟಿ ಟೂರ್ ಬೇಡ.

ತಡೆ ಇರುವುದು ವೀಸಾದಲ್ಲಿ. ಒಬ್ಬರಿಗೆ ನೂರು ಪೌಂಡ್‌ಗೂ ಮೇಲೆ, ಕೊಡದಿದ್ದರೂ ದುಡ್ಡು ವಾಪಸ್ಸಿಲ್ಲ. ಬೆರಳಚ್ಚು ಕೊಡಲಿಕ್ಕೆ ಬೆಂಗಳೂರಿಗೆ ಒಂದು ತಿರುಗಾಟ ಬೇರೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ಐಟಿ ರಿಟರ್ನ್ ಹಾಕದ ತೋಟದವರು ಬಹಳ. ಅವರು ಆರ್‌ಟಿಸಿ, ಸೊಸೈಟಿಯಲ್ಲಿ ಅಡಿಕೆ ಕೊಟ್ಟ ಪಟ್ಟಿ, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಜೋಡಿಸಬೇಕು, ಕನ್ನಡದಲ್ಲಿದ್ದದ್ದಕ್ಕೆ ಇಂಗ್ಲಿಷ್ ಅನುವಾದ ಬೇಕು. ಅರ್ಜಿ ಹಾಕುವ ಹಿಂದಿನ ವಾರ ಅಕೌಂಟಿಗೆ ನೆಂಟರಿಂದ ದೊಡ್ಡ ಮೊತ್ತ ಹಾಕಿಸಿಕೊಂಡರೆ ಅದೇ ಅನುಮಾನಕ್ಕೆ ಕಾರಣ ಆಗುತ್ತದೆ.

ಲಂಡನ್ ಜೊತೆ ಪ್ಯಾರಿಸ್ ಅನ್ನುವವರಿಗೆ: ಅದಕ್ಕೆ ಬೇರೆಯೇ ಷೆಂಗನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ), 90 ಯೂರೋ. ಮೊದಲ ಸಲಕ್ಕೆ ಬೇಡ.

ಪ್ಯಾಕೇಜಾ, ಸ್ವಂತವಾಗಿಯಾ

ಒಂದು ವಾರದಲ್ಲಿ ಮೂರು ಊರು ತೋರಿಸುವ ಗ್ರೂಪ್ ಟೂರಲ್ಲಿ ನಾವೂ ಹೋಗಿದ್ದೇವೆ. ಬಸ್ಸು ನಿಂತದ್ದು ಗುಡಿಗಿಂತ ಜಾಸ್ತಿ ಅಂಗಡಿ ಎದುರು. ಚಾಕೊಲೇಟ್ ಅಂಗಡಿ, ಹರಳಿನ ಅಂಗಡಿ, ಚರ್ಮದ ಅಂಗಡಿ. ಬೆಳಗ್ಗೆ ಆರಕ್ಕೆ ಲಗೇಜ್ ಹೊರಗಿಡಿ ಅನ್ನುವುದು ಬೇರೆ. ಆದರೂ ಇಂಗ್ಲಿಷ್ ಬಾರದ, ಸ್ಮಾರ್ಟ್‌ಫೋನ್ ಅಭ್ಯಾಸ ಇಲ್ಲದ ಇಬ್ಬರಿಗೆ ಗ್ರೂಪ್ ಟೂರೇ ಧೈರ್ಯ. ಅವರು ಒಂದೇ ಊರಿನದ್ದು ಅಥವಾ ಸಿಂಗಾಪುರ–ಮಲೇಷ್ಯಾ ಮಾತ್ರ ಇರುವ ಪ್ಯಾಕೇಜ್ ಕೇಳಲಿ, ನಡುವೆ ಒಂದು ಖಾಲಿ ದಿನ ಇದೆಯಾ ಅಂತಲೂ ಕೇಳಲಿ. ಪ್ಯಾಕೇಜ್ ಮೇಲೆ ಟಿಸಿಎಸ್ (ಮುಂಚಿತವಾಗಿ ವಸೂಲಿ ಮಾಡುವ ಆದಾಯ ತೆರಿಗೆ) ಹಿಡಿಯುತ್ತಾರೆ. ಅದು ರಿಟರ್ನ್ ಹಾಕಿದರೆ ಹೊಂದಾಣಿಕೆ ಆಗುತ್ತದೆ, ರಸೀದಿ ಇಟ್ಟುಕೊಳ್ಳಿ.

ಈಗ ನಿಮ್ಮ ಲೆಕ್ಕ

ನಮ್ಮ ಅಂದಾಜಲ್ಲಿ ಅಷ್ಟೇ ದಿನಕ್ಕೆ ಬ್ಯಾಂಕಾಕ್‌ಗೆ ಒಂದು ಪಾಲು ಖರ್ಚಾದರೆ ಸಿಂಗಾಪುರ, ದುಬೈಗೆ ಎರಡು, ಲಂಡನ್‌ಗೆ ಮೂರರಿಂದ ನಾಲ್ಕು. ಟಿಕೆಟ್ ಆಫರ್ ನೋಡಿ ಊರು ಆರಿಸಬೇಡಿ. ಟಿಕೆಟ್ ಒಂದೇ ಸಲ, ಹೋಟೆಲ್ ಪ್ರತಿ ರಾತ್ರಿ.

ಹೊಸ ಜೋಡಿ, ಕೈಯಲ್ಲಿ ದುಡ್ಡು ಕಡಿಮೆ, ಕಾಲಲ್ಲಿ ಶಕ್ತಿ ಇದೆ, ಎಲ್ಲ ತಿನ್ನುತ್ತೀರಿ ಅಂದರೆ ಬ್ಯಾಂಕಾಕ್. ದಸರಾ ರಜೆಯಲ್ಲಿ ಹೋದರೆ ಅಲ್ಲಿ ಮಳೆ ಇರುತ್ತದೆ, ಮಧ್ಯಾಹ್ನ ಸುರಿದು ನಿಲ್ಲುತ್ತದೆ, ಹೆದರಬೇಡಿ. ರಿಟೈರ್ ಆದ, ಕಟ್ಟಾ ಸಸ್ಯಾಹಾರಿ, ಮೊದಲ ಸಲದವರು ಸಿಂಗಾಪುರ. ಎರಡು ದಿನ ಜಾಸ್ತಿ ಇದ್ದು ಮೆಟ್ಟಿಲು ಹತ್ತಲಿಕ್ಕಾದರೆ ಕೌಲಾಲಂಪುರ ಸೇರಿಸಿ. ನೆಂಟರಿದ್ದು ಮಾರ್ಚ್‌ನಲ್ಲಿ ಬಿಡುವಿದ್ದರೆ ದುಬೈ. ನೆಂಟರಿಲ್ಲದಿದ್ದರೆ ನಾನು ಆ ದುಡ್ಡಿಗೆ ಸಿಂಗಾಪುರಕ್ಕೇ ಹೋಗುತ್ತೇನೆ. ಇಬ್ಬರಲ್ಲಿ ಒಬ್ಬರಿಗಾದರೂ ಇತಿಹಾಸ, ಪುಸ್ತಕ, ಮ್ಯೂಸಿಯಂ ಹುಚ್ಚು ಇದ್ದು ಮೇನಲ್ಲಿ ಹತ್ತು ದಿನ ಸಿಗುವುದಾದರೆ ಎರಡು ಸಣ್ಣ ಪ್ರವಾಸ ಬಿಟ್ಟು ಒಂದು ಲಂಡನ್ ಮಾಡಿ, ಕಾಗದಪತ್ರ ಜನವರಿಯಿಂದಲೇ ಜೋಡಿಸಲಿಕ್ಕೆ ಶುರುಮಾಡಿ.

ಇನ್ನೂ ತೀರ್ಮಾನ ಆಗದಿದ್ದರೆ ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಅಲ್ಲಿ ನೋಡಲೇಬೇಕು ಅನಿಸುವ ಮೂರು ಜಾಗ ಬರೆಯಿರಿ, ಒಬ್ಬರದ್ದು ಒಬ್ಬರು ನೋಡದೆ. ಎರಡೂ ಚೀಟಿಗೆ ಹೊಂದುವ ಊರು ಸಿಕ್ಕರೆ ಅದೇ ಸರಿ. ಒಂದು ಚೀಟಿಯಲ್ಲಿ ಬರೀ ಮಾರ್ಕೆಟ್ಟು, ಇನ್ನೊಂದರಲ್ಲಿ ಬರೀ ಮ್ಯೂಸಿಯಂ ಬಂದರೆ ಮೆಟ್ರೋ ಚೆನ್ನಾಗಿರುವ ಊರು ಆರಿಸಿ, ಇಬ್ಬರ ಫೋನಿಗೂ ಬೇರೆ ಬೇರೆ ಸಿಮ್ ಹಾಕಿಸಿ. ಪಾಸ್‌ಪೋರ್ಟಿನಲ್ಲಿ ಇನ್ನೂ ಆರು ತಿಂಗಳ ಅವಧಿ ಇದೆಯಾ ಅಂತ ಇವತ್ತೇ ತೆಗೆದು ನೋಡಿ.